ನಿಮ್ಮಲ್ಲಿ ರನ್ ಆದ ಕೋಡು ಅವರಲ್ಲೂ ರನ್ ಆಗಬೇಕೆಂದರೆ: ತುಣುಕು ಮತ್ತು ಸೆಟಪ್ ಟಿಪ್ಸ್ ಹಂಚುವ ಕ್ರಮ

‘ಟೀಮಿನ ಸಣ್ಣಪುಟ್ಟ ಕಮಾಂಡುಗಳನ್ನು, ಸೆಟಪ್ ಟಿಪ್ಸನ್ನು ಎಲ್ಲಿ ಇಟ್ಟುಕೊಳ್ಳಬೇಕು?’ ‘ನಾನು ಕಳಿಸಿದ ಕೋಡು ಅವರಲ್ಲಿ ಯಾಕೆ ರನ್ ಆಗಲ್ಲ?’ ಈ ಎರಡು ಪ್ರಶ್ನೆ ನನಗೆ ಎಷ್ಟು ಸಲ ಬಂದಿದೆಯೋ ಲೆಕ್ಕ ಇಟ್ಟಿಲ್ಲ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆದು ಸಾಕಾಯಿತು, ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಎರಡು ಪ್ರಶ್ನೆಗೂ ಬೇರು ಒಂದೇ. ನಾವು ಕೋಡನ್ನು ಮಾತ್ರ ಕಳಿಸುತ್ತೇವೆ. ಅದು ಯಾವ ಮಷೀನಿನಲ್ಲಿ, ಯಾವ ವರ್ಷನ್ನಿನಲ್ಲಿ, ಯಾವ ಫೋಲ್ಡರಿನಲ್ಲಿ ನಿಂತು ಹೊಡೆದರೆ ನಡೆಯುತ್ತದೆ ಅನ್ನುವುದು ನಮ್ಮ ತಲೆಯಲ್ಲೇ ಉಳಿದುಬಿಡುತ್ತದೆ. ಅದನ್ನೂ ಜೊತೆಗೆ ಕಳಿಸುವುದು ಹೇಗೆ ಅನ್ನುವುದೇ ಈ ಲೇಖನ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಕಮಾಂಡುಗಳನ್ನೂ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ, ಓದಲು ಸಲೀಸಾಗಲಿ ಅಂತ. ನೀವು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಮಾಡಿ.

ಏನೇನು ಬೇಕು

ಹೆಚ್ಚೇನೂ ಬೇಡ. ಗಿಟ್ (ಕೋಡಿನ ಬದಲಾವಣೆಗಳನ್ನೆಲ್ಲ ದಾಖಲಿಸಿಡುವ ಪ್ರೋಗ್ರಾಂ) ಹಾಕಿರುವ ಒಂದು ಕಂಪ್ಯೂಟರ್, ಆ ಕೋಡನ್ನು ಆನ್‌ಲೈನಿನಲ್ಲಿ ಇಡುವ ಗಿಟ್‌ಹಬ್ ಅಥವಾ ಗಿಟ್‌ಲ್ಯಾಬಿನಲ್ಲಿ ಒಂದು ಖಾತೆ (ಆಫೀಸಿನ ಕೋಡಾದರೆ ಆಫೀಸಿನ ಖಾತೆಯೇ ಆಗಬೇಕು, ನಿಮ್ಮ ಸ್ವಂತದ್ದಲ್ಲ), ಯಾವುದಾದರೂ ಎಡಿಟರ್, ಮತ್ತೆ ಒಂದು ಮಧ್ಯಾಹ್ನದ ಬಿಡುವು. ಹೊಸಬರಿಗೆ ನಾಲ್ಕು ಪದ: ಸ್ನಿಪೆಟ್ ಅಂದರೆ ಕೋಡಿನ ಸಣ್ಣ ತುಣುಕು. ರೆಪೊ ಅಂದರೆ ಗಿಟ್ ನೋಡಿಕೊಳ್ಳುವ ಫೋಲ್ಡರ್, ಹಳೆಯ ಬದಲಾವಣೆಗಳ ಚರಿತ್ರೆ ಸಮೇತ. ಶೆಲ್ ಅಂದರೆ ಟರ್ಮಿನಲ್ಲಿನಲ್ಲಿ (ಕಮಾಂಡ್ ಹೊಡೆಯುವ ವಿಂಡೋ) ನೀವು ಟೈಪ್ ಮಾಡಿದ್ದನ್ನು ಓದಿ ಕೆಲಸ ಮಾಡುವ ಪ್ರೋಗ್ರಾಂ. ಅಲಿಯಾಸ್ ಅಂದರೆ ಉದ್ದದ ಕಮಾಂಡಿಗೆ ನಾವಿಡುವ ಅಡ್ಡಹೆಸರು.

ಉದಾಹರಣೆಗೆ ಒಂದೇ ತುಣುಕನ್ನು ಕೊನೆಯವರೆಗೂ ಇಟ್ಟುಕೊಳ್ಳೋಣ. ಸರ್ವರ್ ಶುರು ಮಾಡಲು ಹೋದರೆ ‘ಪೋರ್ಟ್ ಈಗಾಗಲೇ ಬಳಕೆಯಲ್ಲಿದೆ’ ಅಂತ ಬೈಯುತ್ತದಲ್ಲ, ಆಗ ಆ ಪೋರ್ಟಿನಲ್ಲಿ ಕೂತವನನ್ನು ಎಬ್ಬಿಸಿ ಓಡಿಸುವ ಸಾಲು. ಪೋರ್ಟ್ ಅಂದರೆ ಪ್ರೋಗ್ರಾಮುಗಳು ನೆಟ್‌ವರ್ಕಿನ ಕರೆಗೆ ಕಾಯುವ, ನಂಬರ್ ಇರುವ ಬಾಗಿಲು. ಎಲ್‌ಎಸ್‌ಒಎಫ್ ಆ ಪೋರ್ಟ್ ಹಿಡಿದ ಪ್ರೋಗ್ರಾಮಿನ ನಂಬರ್ ಹುಡುಕುತ್ತದೆ, ಕಿಲ್ ಅದನ್ನು ನಿಲ್ಲಿಸುತ್ತದೆ. ಟೀಮುಗಳಲ್ಲಿ ಕೈಯಿಂದ ಕೈಗೆ ಓಡಾಡುವ ರೂಪ ಇದು:

ಕಿಲ್ -9 $(ಎಲ್‌ಎಸ್‌ಒಎಫ್ -ಟಿ -ಐ:8000)

ನೋಡಲು ಒಂದೇ ಸಾಲು. ಇದರಲ್ಲಿ ಎಷ್ಟು ಹಳ್ಳ ಇದೆ ಅನ್ನುವುದನ್ನು ಮುಂದೆ ನೋಡುತ್ತೀರಿ.

1. ಕಳಿಸುವ ಮೊದಲು ಹೊಸ ಟರ್ಮಿನಲ್ಲಿನಲ್ಲಿ ಒಮ್ಮೆ ಹೊಡೆದು ನೋಡಿ

ಬೆಳಗ್ಗೆಯಿಂದ ತೆರೆದಿಟ್ಟ ಟರ್ಮಿನಲ್ಲಿನಲ್ಲಿ ಅಲ್ಲ. ಅದರಲ್ಲಿ ನೀವು ಆಗಲೇ ಹತ್ತು ವೇರಿಯಬಲ್ ಹಾಕಿರುತ್ತೀರಿ, ಯಾವುದೋ ಪೈಥಾನ್ ಎನ್ವಿರಾನ್ಮೆಂಟ್ ಆನ್ ಆಗಿರುತ್ತದೆ. ಹೊಸ ವಿಂಡೋ ತೆರೆಯಿರಿ, ಖಾಲಿ ಫೋಲ್ಡರ್ ಮಾಡಿ, ಅಲ್ಲಿ ಪೇಸ್ಟ್ ಮಾಡಿ. ಅರ್ಧಕ್ಕರ್ಧ ತೊಂದರೆ ಇಲ್ಲೇ ಸಿಕ್ಕಿಬೀಳುತ್ತದೆ.

ಎರಡನೆಯದು, ತುಣುಕು ಎಡವಿದರೆ ಏನಾಗುತ್ತದೆ ಅಂತಲೂ ನೋಡಿ. ನಮ್ಮ ಸಾಲನ್ನೇ ತೆಗೆದುಕೊಳ್ಳಿ. ಪೋರ್ಟಿನಲ್ಲಿ ಯಾರೂ ಇಲ್ಲದಿದ್ದರೆ ಒಳಗಿನ ಭಾಗ ಖಾಲಿ ಬರುತ್ತದೆ, ಕಿಲ್‌ಗೆ ಯಾರನ್ನು ನಿಲ್ಲಿಸಬೇಕು ಅಂತ ಗೊತ್ತಾಗದೆ ತನ್ನ ಬಳಕೆಯ ವಿವರವನ್ನೋ ಒಂದು ಎರರನ್ನೋ ತೋರಿಸಿ ಸುಮ್ಮನಾಗುತ್ತದೆ. ಗೊತ್ತಿದ್ದವರಿಗೆ ಇದು ಏನೂ ಅಲ್ಲ. ಹೊಸದಾಗಿ ಸೇರಿದವರು ಮಾತ್ರ ಏನೋ ಹಾಳು ಮಾಡಿಬಿಟ್ಟೆ ಅಂತ ಗಾಬರಿಯಾಗುತ್ತಾರೆ.

ಇನ್ನೊಂದು ಹಳ್ಳ ಇದಕ್ಕಿಂತ ಆಳ. -ಐ:8000 ಅಂದರೆ ಆ ಪೋರ್ಟಿನಲ್ಲಿ ಕೂತು ಕಾಯುತ್ತಿರುವ ಸರ್ವರ್ ಒಂದೇ ಅಲ್ಲ, ಆ ಪೋರ್ಟಿಗೆ ಕನೆಕ್ಟ್ ಆಗಿರುವವರೂ ಪಟ್ಟಿಗೆ ಬರುತ್ತಾರೆ. ನಿಮ್ಮ ಪೇಜನ್ನು ತೆರೆದಿಟ್ಟುಕೊಂಡಿರುವ ಬ್ರೌಸರ್ ಕೂಡ! ನಾನೊಮ್ಮೆ ಈ ಸಾಲು ಹೊಡೆದಾಗ ಸರ್ವರ್ ಜೊತೆ ಬ್ರೌಸರೂ ಮಾಯವಾಯಿತು, ಅರ್ಧ ತುಂಬಿದ್ದ ಫಾರಂ ಸಮೇತ. ಮದ್ದು ಸುಲಭ: -ಎಸ್‌ಟಿಸಿಪಿ:ಲಿಸನ್ ಅಂತ ಸೇರಿಸಿದರೆ ಕಾಯುತ್ತಿರುವವನು ಮಾತ್ರ ಬರುತ್ತಾನೆ. ಇದರಲ್ಲಿ ಎಸ್ ಸಣ್ಣಕ್ಷರ, ಉಳಿದದ್ದೆಲ್ಲ ದೊಡ್ಡಕ್ಷರ.

ಮತ್ತೆ ಆ -9. ಅದು ಪ್ರೋಗ್ರಾಮಿಗೆ ಒಂದು ಮಾತೂ ಹೇಳದೆ ಕತ್ತು ಹಿಸುಕಿದ ಹಾಗೆ. ಬರೆಯುತ್ತಿದ್ದ ಫೈಲು ಅರ್ಧದಲ್ಲೇ ನಿಲ್ಲಬಹುದು, ಲಾಕ್ ಫೈಲು ಹಾಗೇ ಉಳಿಯಬಹುದು. -9 ಇಲ್ಲದೆ ಬರೀ ಕಿಲ್ ಕೊಟ್ಟರೆ ‘ಏಳಪ್ಪಾ, ಸಾಮಾನು ಕಟ್ಟಿಕೋ’ ಅಂದ ಹಾಗೆ, ಅದು ಅಚ್ಚುಕಟ್ಟಾಗಿ ಮುಚ್ಚಿಕೊಳ್ಳುತ್ತದೆ. ಮೊದಲು ಅದನ್ನು ಕೊಡಿ, ಜಗ್ಗದಿದ್ದರೆ ಮಾತ್ರ -9.

2. ಗುಟ್ಟುಗಳನ್ನು ತೆಗೆಯಿರಿ

ಪಾಸ್‌ವರ್ಡ್, ಎಪಿಐ ಕೀ, ಟೋಕನ್ (ಪಾಸ್‌ವರ್ಡಿನ ಬದಲು ಪ್ರೋಗ್ರಾಮುಗಳು ತೋರಿಸುವ ಗುಟ್ಟಿನ ಅಕ್ಷರಮಾಲೆಗಳು), ಡೇಟಾಬೇಸಿನ ಪೂರ್ತಿ ವಿಳಾಸ, ಆಫೀಸಿನ ಒಳಗಿನ ಸರ್ವರುಗಳ ಹೆಸರು, ಗ್ರಾಹಕರ ಫೋನ್ ನಂಬರ್. ಇವು ಯಾವುವೂ ತುಣುಕಿನಲ್ಲಿ ಇರಬಾರದು. ಇದು ಎಲ್ಲರಿಗೂ ಗೊತ್ತು, ಆದರೂ ದಿನಾ ನಡೆಯುತ್ತದೆ, ಯಾಕೆಂದರೆ ಯಾರೂ ಬೇಕೆಂದು ಕಳಿಸುವುದಿಲ್ಲ. ಟರ್ಮಿನಲ್ಲಿನಿಂದ ಕಾಪಿ ಮಾಡುವಾಗ ಮೇಲಿನ ಎರಡು ಸಾಲು ಜೊತೆಗೆ ಬಂದುಬಿಡುತ್ತವೆ.

ಕಳಿಸುವ ಮುಂಚೆ ತುಣುಕಿನಲ್ಲಿ ಅರ್ಥವಿಲ್ಲದ ಉದ್ದನೆಯ ಅಕ್ಷರಮಾಲೆ ಏನಾದರೂ ಇದೆಯಾ ಅಂತ ಕಣ್ಣಾಡಿಸಿ. ಕೆಲವಕ್ಕೆ ಗುರುತೂ ಇದೆ. ಅಮೆಜಾನ್ ಕ್ಲೌಡಿನ ಖಾಯಂ ಆಕ್ಸೆಸ್ ಕೀ ಐಡಿಗಳು ‘ಎಕೆಐಎ’ ಅನ್ನುವ ನಾಲ್ಕು ಅಕ್ಷರದಿಂದ ಶುರುವಾಗುತ್ತವೆ, ಗಿಟ್‌ಹಬ್ಬಿನ ಹಳೆಯ ಮಾದರಿಯ ಪರ್ಸನಲ್ ಟೋಕನ್ ‘ಜಿಎಚ್‌ಪಿ_’ ಅಂತ ಶುರುವಾಗುತ್ತದೆ. ದೂರದ ಸರ್ವರಿಗೆ ಲಾಗಿನ್ ಆಗುವ ಎಸ್‌ಎಸ್‌ಎಚ್ ಕೀಲಿಯಲ್ಲಿ ಎರಡು ಫೈಲು ಇರುತ್ತವೆ, ಕೊನೆಗೆ ‘.ಪಬ್’ ಅಂತ ಇರುವುದನ್ನು ಮಾತ್ರ ಹೊರಗೆ ಕೊಡಬಹುದು. ಇನ್ನೊಂದನ್ನು ಯಾರು ಕೇಳಿದರೂ, ನಿಮ್ಮ ಮ್ಯಾನೇಜರ್ ಕೇಳಿದರೂ ಕೊಡಬೇಡಿ.

ಗುಟ್ಟಿನ ಜಾಗದಲ್ಲಿ ಏನು ಹಾಕಬೇಕು? ‘ನಿಮ್ಮ_ಟೋಕನ್_ಇಲ್ಲಿ’ ಅನ್ನುವ ಥರದ್ದು, ಕಣ್ಣಿಗೆ ಹೊಡೆಯುವ ಹಾಗೆ. ಉದಾಹರಣೆಗೆ ಡೊಮೇನ್ ಬೇಕಾದರೆ ಎಕ್ಸಾಂಪಲ್ ಡಾಟ್ ಕಾಮ್ ಬಳಸಿ. ಅದನ್ನು ಇಂಥ ಬರವಣಿಗೆಗೆಂದೇ 1999ರಿಂದ ಕಾದಿರಿಸಿದ್ದಾರೆ, ಯಾರೋ ಪಾಪದವರ ವೆಬ್‌ಸೈಟಿಗೆ ನಿಮ್ಮ ಟೀಮಿನ ರಿಕ್ವೆಸ್ಟುಗಳು ಹೋಗುವುದಿಲ್ಲ. ಐಪಿ ವಿಳಾಸ ಬೇಕಾದರೆ 192.0.2ರಿಂದ ಶುರುವಾಗುವವೂ ಹಾಗೇ, ಬರೀ ಉದಾಹರಣೆಗೆ ಇಟ್ಟವು.

ಅಕಸ್ಮಾತ್ ಹೋಗಿಯೇಬಿಟ್ಟರೆ? ಇಲ್ಲಿ ಹೆಚ್ಚಿನವರು ಮಾಡುವ ತಪ್ಪು ಒಂದೇ: ಆ ಸಾಲನ್ನು ಅಳಿಸಿ ಮತ್ತೊಂದು ಕಮಿಟ್ ಮಾಡಿ, ಅಂದರೆ ಬದಲಾವಣೆಯನ್ನು ಗಿಟ್ಟಿನಲ್ಲಿ ದಾಖಲಿಸಿ, ನೆಮ್ಮದಿಯಾಗಿರುವುದು. ಗಿಟ್ಟಿಗೆ ಮರೆವಿಲ್ಲ. ಹಿಂದಿನ ಕಮಿಟ್ಟಿನಲ್ಲಿ ಅದು ಹಾಗೇ ಕೂತಿರುತ್ತದೆ, ಅಷ್ಟರಲ್ಲಿ ಯಾರಾದರೂ ರೆಪೊ ಕ್ಲೋನ್ ಮಾಡಿಕೊಂಡಿದ್ದರೆ, ಅಂದರೆ ಪೂರ್ತಿ ಕಾಪಿ ತೆಗೆದುಕೊಂಡಿದ್ದರೆ, ಅವರ ಹತ್ತಿರವೂ ಇರುತ್ತದೆ. ಆದ್ದರಿಂದ ಮೊದಲ ಕೆಲಸ ಆ ಕೀಲಿಯನ್ನೇ ರದ್ದು ಮಾಡಿ ಹೊಸದು ತೆಗೆದುಕೊಳ್ಳುವುದು. ಚರಿತ್ರೆ ತೊಳೆಯುವುದು ಆಮೇಲೆ. ಗಿಟ್‌ಹಬ್ 2024ರಿಂದ ಸಾರ್ವಜನಿಕ ರೆಪೊಗಳಿಗೆ ಪುಶ್ ಮಾಡುವಾಗ (ನಿಮ್ಮ ಕಮಿಟ್ಟುಗಳನ್ನು ಅಲ್ಲಿಗೆ ಏರಿಸುವಾಗ) ಗುರುತು ಸಿಕ್ಕ ಕೀಲಿಗಳನ್ನು ತಾನಾಗಿ ತಡೆಯುತ್ತದೆ, ನಿಜ. ಆದರೆ ನೀವೇ ಇಟ್ಟ ಡೇಟಾಬೇಸ್ ಪಾಸ್‌ವರ್ಡ್ ಊರಿನ ಹೆಸರೂ ಹುಟ್ಟಿದ ವರ್ಷವೂ ಸೇರಿದ್ದಾಗಿದ್ದರೆ ಅದಕ್ಕೆ ಹೇಗೆ ಗೊತ್ತಾಗಬೇಕು?

3. ಮೇಲೆ ಐದು ಸಾಲಿನ ತಲೆಬರಹ ಹಾಕಿ

ಈ ಲೇಖನದಲ್ಲಿ ಒಂದೇ ಒಂದು ಹಂತ ಪಾಲಿಸುತ್ತೀರಿ ಅಂತಾದರೆ ಇದನ್ನು ಪಾಲಿಸಿ. ತುಣುಕಿನ ಮೇಲೆ ಕಾಮೆಂಟಿನಲ್ಲಿ ಐದು ವಿಷಯ: ಏನು ಮಾಡುತ್ತದೆ, ಎಲ್ಲಿ ನಡೆಯುತ್ತದೆ, ಏನು ಮೊದಲೇ ಇರಬೇಕು, ಸರಿಯಾದರೆ ಏನು ಕಾಣಬೇಕು, ಕೆಟ್ಟರೆ ವಾಪಸ್ ಹೇಗೆ. ನಮ್ಮ ಪೋರ್ಟ್ ತುಣುಕಿಗೆ ನಾನು ಬರೆಯುವುದು ಹೀಗೆ:

# ಏನು: 8000 ಪೋರ್ಟಿನಲ್ಲಿ ಕಾಯುತ್ತಿರುವ ಪ್ರೋಗ್ರಾಮನ್ನು ನಿಲ್ಲಿಸುತ್ತದೆ
# ಎಲ್ಲಿ: ಮ್ಯಾಕ್, ಲಿನಕ್ಸ್. ವಿಂಡೋಸಿಗೆ ಅಲ್ಲ
# ಬೇಕಾದ್ದು: ಎಲ್‌ಎಸ್‌ಒಎಫ್. ನಿಮ್ಮ ಹೆಸರಿನಲ್ಲಿ ನಡೆಯುತ್ತಿರುವುದು ಮಾತ್ರ ಕಾಣುತ್ತದೆ
# ಕಾಣಬೇಕಾದ್ದು: ಏನೂ ಇಲ್ಲ. ಕಿಲ್ ತನ್ನ ಬಳಕೆಯನ್ನೋ ಎರರನ್ನೋ ತೋರಿಸಿದರೆ ಆ ಪೋರ್ಟಿನಲ್ಲಿ ನಿಮ್ಮದೇನೂ ಇಲ್ಲ ಅಂತ
# ವಾಪಸ್: ನಿಲ್ಲಿಸಿದ್ದನ್ನು ಮತ್ತೆ ನೀವೇ ಶುರು ಮಾಡಬೇಕು
ಕಿಲ್ $(ಎಲ್‌ಎಸ್‌ಒಎಫ್ -ಟಿ -ಐ:8000 -ಎಸ್‌ಟಿಸಿಪಿ:ಲಿಸನ್)

ಕೋಡು ಒಂದು ಸಾಲು, ವಿವರ ಐದು ಸಾಲು. ಜಾಸ್ತಿ ಆಯಿತು ಅನಿಸುತ್ತದೆ ಅಲ್ವಾ? ಆದರೆ ಈ ಐದು ಸಾಲು ಬರೆಯಲು ಕೂತಾಗಲೇ ನನಗೆ ಇದು ವಿಂಡೋಸಿನಲ್ಲಿ ನಡೆಯುವುದಿಲ್ಲ ಅನ್ನುವುದು ನೆನಪಾಗಿದ್ದು. ಅಲ್ಲಿ ನೆಟ್‌ಸ್ಟ್ಯಾಟ್ -ಎಎನ್‌ಒ ಹೊಡೆದು, ಕೊನೆಯ ಕಾಲಮ್ಮಿನಲ್ಲಿರುವ ನಂಬರ್ ನೋಡಿಕೊಂಡು, ಅದನ್ನು ಟಾಸ್ಕ್‌ಕಿಲ್‌ಗೆ ಕೊಡಬೇಕು.

ತಲೆಬರಹಕ್ಕೆ ಸೇರಬೇಕಾದ ಇನ್ನೊಂದು ವಿಷಯ, ‘ಇದು ಯಾವಾಗ ಉಪಯೋಗಕ್ಕೆ ಬರುವುದಿಲ್ಲ’. ಮ್ಯಾಕ್ ಇಟ್ಟುಕೊಂಡವರು 5000 ಪೋರ್ಟಿನ ಜೊತೆ ಗುದ್ದಾಡಿರುತ್ತೀರಿ. ವೆಬ್‌ಸೈಟ್ ಕಟ್ಟಲು ಬಳಸುವ ಪೈಥಾನಿನ ಫ್ಲಾಸ್ಕ್ ಮೊದಲಿನಿಂದಲೂ 5000ದಲ್ಲೇ ಶುರುವಾಗುತ್ತದೆ, ಆದರೆ 2021ರ ಮಾಂಟೆರೇ ಆವೃತ್ತಿಯಿಂದ ಮ್ಯಾಕಿನ ಏರ್‌ಪ್ಲೇ ರಿಸೀವರ್ (ಫೋನಿನ ವಿಡಿಯೋ, ಹಾಡನ್ನು ಮ್ಯಾಕಿಗೆ ತರುವ ಸೌಲಭ್ಯ) ಕೂಡ ಅಲ್ಲೇ ಬಂದು ಕೂತಿದೆ. ಅದನ್ನು ಎಷ್ಟು ಸಲ ಕಿಲ್ ಮಾಡಿದರೂ ಸಿಸ್ಟಮ್ ಮತ್ತೆ ಎಬ್ಬಿಸಿ ಕೂರಿಸುತ್ತದೆ. ಸೆಟ್ಟಿಂಗ್ಸಿನಲ್ಲಿ ಏರ್‌ಪ್ಲೇ ರಿಸೀವರ್ ಆಫ್ ಮಾಡಬೇಕು, ಇಲ್ಲವೇ 5001ಕ್ಕೆ ಹೋಗಬೇಕು. ಹಾಗೇ ಡಾಕರ್ ಕಂಟೇನರ್ (ಪ್ರೋಗ್ರಾಮನ್ನು ಪ್ರತ್ಯೇಕ ಪೆಟ್ಟಿಗೆಯಲ್ಲಿಟ್ಟು ಓಡಿಸುವ ವ್ಯವಸ್ಥೆ) ಪೋರ್ಟ್ ಹಿಡಿದಿದ್ದರೆ ಕಿಲ್ ಮಾಡಬೇಡಿ, ಕಂಟೇನರನ್ನೇ ನಿಲ್ಲಿಸಿ. ಇಂಥ ಎರಡು ಸಾಲು ಬರೆದಿಟ್ಟರೆ ಇನ್ನೊಬ್ಬರ ಒಂದು ಗಂಟೆ ಉಳಿಯುತ್ತದೆ.

ಕಾಮೆಂಟು ಕನ್ನಡದಲ್ಲಿ ಬರೆಯಬಹುದಾ ಅಂತ ತುಂಬ ಜನ ಕೇಳುತ್ತಾರೆ. ಧಾರಾಳವಾಗಿ ಬರೆಯಿರಿ, ಟೀಮಿನಲ್ಲಿ ಎಲ್ಲರಿಗೂ ಕನ್ನಡ ಬರುವುದಾದರೆ. ಫೈಲನ್ನು ಯುಟಿಎಫ್-8ರಲ್ಲಿ (ಎಲ್ಲ ಭಾಷೆಯ ಅಕ್ಷರ ಹಿಡಿಸುವ ಯೂನಿಕೋಡ್ ರೂಪ) ಸೇವ್ ಮಾಡಿ, ಅಷ್ಟೇ. ಹಳೆಯ ನುಡಿ, ಬರಹ ಫಾಂಟುಗಳ ಯೂನಿಕೋಡ್ ಅಲ್ಲದ ಪಠ್ಯ ಮಾತ್ರ ಬೇಡ, ಎದುರಿನವರ ಎಡಿಟರಿನಲ್ಲಿ ಅದು ಬರೀ ಅಡ್ಡಾದಿಡ್ಡಿ ಇಂಗ್ಲಿಷ್ ಅಕ್ಷರ. ಒಂದು ಸೂಕ್ಷ್ಮ ಇದೆ. ‘ಪಾಸ್‌ವರ್ಡ್’ ಅನ್ನುವ ಪದದ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಇರುತ್ತದೆ, ಒತ್ತು ಕೂಡದಂತೆ ತಡೆಯುವುದು. ನೀವು ಅದನ್ನು ಹಾಕಿ ಬರೆದು, ಇನ್ನೊಬ್ಬರು ‘ಪಾಸ್ವರ್ಡ್’ ಅಂತ ಹುಡುಕಿದರೆ ಫೈಲುಗಳಲ್ಲಿ ಪದ ಹುಡುಕುವ ಗ್ರೆಪ್ ಕಮಾಂಡಿಗೆ ಸಿಗುವುದಿಲ್ಲ. ಅದಕ್ಕೇ ಫೈಲಿನ ಹೆಸರು, ಹುಡುಕುವ ಪದಗಳು ಇಂಗ್ಲಿಷಿನಲ್ಲಿರಲಿ, ವಿವರಣೆ ಕನ್ನಡದಲ್ಲಿರಲಿ. ನಾನು ಮಾಡುವುದು ಹಾಗೇ.

4. ಕಳಿಸುವ ದಾರಿ ನೋಡಿಕೊಳ್ಳಿ

ಕೋಡು ಸರಿಯಿದ್ದರೂ ದಾರಿಯಲ್ಲಿ ಕೆಡುತ್ತದೆ. ಎಲ್ಲಕ್ಕಿಂತ ಜಾಸ್ತಿ ಕೆಡುವುದು ವಾಟ್ಸ್‌ಆಪಿನಲ್ಲಿ.

ವಾಟ್ಸ್‌ಆಪಿಗೆ * ಅಂದರೆ ದಪ್ಪಕ್ಷರ, _ ಅಂದರೆ ಓರೆ, ~ ಅಂದರೆ ಅಡ್ಡಗೆರೆ. ಕೋಡಿನಲ್ಲಿ ಈ ಮೂರೂ ಬೇಕಾದಷ್ಟು ಇರುತ್ತವೆ. ಪದದ ಎರಡೂ ಪಕ್ಕ ಅಂಡರ್‌ಸ್ಕೋರ್ ಇದ್ದರೆ ಎದುರಿನವರಿಗೆ ಅಂಡರ್‌ಸ್ಕೋರ್ ಕಾಣದೆ ಬರೀ ಓರೆ ಅಕ್ಷರ ಕಾಣಬಹುದು. ತಪ್ಪಿಸಲು ತುಣುಕಿನ ಮುಂದೆ ಮೂರು, ಹಿಂದೆ ಮೂರು ಬ್ಯಾಕ್‌ಟಿಕ್ ಹಾಕಿ. ಬ್ಯಾಕ್‌ಟಿಕ್ ಅಂದರೆ ಕೀಬೋರ್ಡಿನಲ್ಲಿ 1ರ ಎಡಕ್ಕೆ ಇರುವ ` ಚಿಹ್ನೆ. ಒಳಗಿದ್ದದ್ದು ಇದ್ದ ಹಾಗೇ ಉಳಿಯುತ್ತದೆ. ಆಫೀಸಿನ ಚಾಟಿಗೆ ಬಳಸುವ ಸ್ಲ್ಯಾಕಿನಲ್ಲೂ ಇದೇ ಉಪಾಯ.

ಫೋನಿನಲ್ಲಿ ಟೈಪ್ ಮಾಡಿ ಕಳಿಸುವುದು ಇನ್ನೂ ಅಪಾಯ. ಐಫೋನಿನ ಸ್ಮಾರ್ಟ್ ಪಂಕ್ಚುಯೇಶನ್ ನೆಟ್ಟಗಿನ ಉದ್ಧರಣ ಚಿಹ್ನೆಯನ್ನು ಬಾಗಿದ್ದಾಗಿ ಮಾಡುತ್ತದೆ, ಎರಡು ಹೈಫನ್ ಒತ್ತಿದರೆ ಅವೆರಡನ್ನೂ ಸೇರಿಸಿ ಒಂದು ಉದ್ದ ಗೆರೆ ಮಾಡುತ್ತದೆ. ವರ್ಡ್ ಡಾಕ್ಯುಮೆಂಟುಗಳದ್ದೂ ಇದೇ ಕಥೆ. ಕಣ್ಣಿಗೆ ಚೆಂದ, ಶೆಲ್ಲಿಗೆ ಅದು ಬೇರೆಯದೇ ಅಕ್ಷರ. ‘ನೀವು ಕೊಟ್ಟದ್ದನ್ನೇ ಹೊಡೆದೆ ಸಾರ್, ಬರ್ತಿಲ್ಲ’ ಅಂತ ಯಾರಾದರೂ ಅಂದರೆ ಮೊದಲು ಉದ್ಧರಣ ಚಿಹ್ನೆ ನೋಡಿ, ಆಮೇಲೆ ಹೈಫನ್ ನೋಡಿ. ಅವೆರಡೂ ಸರಿ ಇದ್ದರೆ ಜಾಗ ಬಿಟ್ಟಿರುವುದನ್ನು ನೋಡಿ, ವೆಬ್ ಪೇಜಿನಿಂದ ಬಂದ ಕೋಡಿನಲ್ಲಿ ಸ್ಪೇಸಿನಂತೆ ಕಾಣುವ, ಸ್ಪೇಸ್ ಅಲ್ಲದ ಅಕ್ಷರ ಸೇರಿರುತ್ತದೆ.

ಸ್ಕ್ರೀನ್‌ಶಾಟ್ ಕಳಿಸಬೇಡಿ. ಎರರ್ ತೋರಿಸಲು ಆಗಬಹುದು, ಕೋಡಿಗೆ ಬೇಡ. ಇದು 1 ಅನ್ನುವ ಅಂಕಿಯೋ, ಇಂಗ್ಲಿಷಿನ ಸಣ್ಣ ‘ಎಲ್’ ಅಕ್ಷರವೋ ಅಂತ ಹಿಗ್ಗಿಸಿ ನೋಡುತ್ತಾ ಕೂರುವ ಕರ್ಮ ಯಾರಿಗೆ ಬೇಕು?

ಐದಾರು ಸಾಲಿಗಿಂತ ದೊಡ್ಡದಾದರೆ ಗಿಟ್‌ಹಬ್ಬಿನ ಗಿಸ್ಟ್ ಒಳ್ಳೆಯದು. ಗಿಸ್ಟ್ ಅಂದರೆ ಒಂದೆರಡು ಫೈಲಿನ ಪುಟಾಣಿ ರೆಪೊ, ಲಿಂಕ್ ಕಳಿಸಿದರೆ ಸಾಕು. ಇಲ್ಲಿ ಎರಡು ಎಚ್ಚರಿಕೆ. ‘ಸೀಕ್ರೆಟ್ ಗಿಸ್ಟ್’ ಅನ್ನುವ ಹೆಸರು ನಂಬಬೇಡಿ. ಅದು ಹುಡುಕಿದರೆ ಸಿಗುವುದಿಲ್ಲ ಅಷ್ಟೇ, ಲಿಂಕ್ ಕೈಗೆ ಬಂದವರು ಯಾರು ಬೇಕಾದರೂ ನೋಡಬಹುದು, ಲಾಗಿನ್ ಕೂಡ ಬೇಡ. ಆಫೀಸಿನ ಕೋಡು ಅಲ್ಲಿ ಹಾಕಿದರೆ ಹೊರಗೆ ಹಾಕಿದ ಹಾಗೇ ಲೆಕ್ಕ. ಎರಡನೆಯದು, ಗಿಸ್ಟ್ ಎಡಿಟ್ ಮಾಡಿದರೂ ಹಳೆಯ ರೂಪ ‘ರಿವಿಷನ್ಸ್’ ಅನ್ನುವ ಟ್ಯಾಬಿನಲ್ಲಿ ಉಳಿದಿರುತ್ತದೆ. ಕೀಲಿ ಅಳಿಸಿದೆ ಅಂದುಕೊಂಡಿದ್ದು ಅಲ್ಲಿ ಹಲ್ಲು ಕಿರಿಯುತ್ತಿರುತ್ತದೆ.

ಸ್ಲ್ಯಾಕನ್ನೇ ಉಗ್ರಾಣ ಮಾಡಿಕೊಂಡಿರುವ ಟೀಮುಗಳಿಗೆ ಒಂದು ಮಾತು: ದುಡ್ಡು ಕಟ್ಟದ ಪ್ಲಾನಿನಲ್ಲಿ 90 ದಿನಕ್ಕಿಂತ ಹಳೆಯ ಮೆಸೇಜು ಕಾಣುವುದಿಲ್ಲ. ಮಾತಿಗೆ ಅದು ಸರಿ, ಇಟ್ಟುಕೊಳ್ಳಲು ಬೇರೆ ಜಾಗ ಬೇಕು.

5. ಟೀಮಿಗೆ ಒಂದು ರೆಪೊ ಮಾಡಿ, ಚಿಕ್ಕದಾಗಿ ಶುರು ಮಾಡಿ

ದೊಡ್ಡ ಯೋಜನೆ ಹಾಕಬೇಡಿ. ವಿಭಾಗ, ಉಪವಿಭಾಗ, ಟ್ಯಾಗು ಅಂತ ಮೊದಲೇ ಮಾಡಿಟ್ಟ ರೆಪೊಗಳು ಖಾಲಿ ಫೋಲ್ಡರುಗಳ ಜೊತೆಗೇ ಸತ್ತಿರುವುದನ್ನು ನೋಡಿದ್ದೇನೆ. ಒಂದು ರೆಪೊ, ಅದರಲ್ಲಿ ಒಂದು ಫೋಲ್ಡರ್, ಪ್ರತಿ ತುಣುಕಿಗೆ ಒಂದು ಫೈಲು. ಹೆಸರಿನಲ್ಲಿ ಸಮಸ್ಯೆ ಇರಲಿ, ಪರಿಹಾರ ಅಲ್ಲ. ‘ಎಲ್‌ಎಸ್‌ಒಎಫ್-ಕಿಲ್’ ಅಂತ ಇಟ್ಟರೆ ಗೊತ್ತಿರುವವರಿಗೆ ಮಾತ್ರ ಸಿಗುತ್ತದೆ. ‘ಪೋರ್ಟ್-ಇನ್-ಯೂಸ್’ ಅಂತ ಇಟ್ಟರೆ ಎರರ್ ಮೆಸೇಜನ್ನೇ ಹುಡುಕಿದವರಿಗೂ ಸಿಗುತ್ತದೆ. ಸಾಧ್ಯವಾದರೆ ಎರರಿನ ಪೂರ್ತಿ ಸಾಲನ್ನು ಕಾಮೆಂಟಿನಲ್ಲಿ ಅಂಟಿಸಿ, ಹುಡುಕುವವರು ಅದನ್ನೇ ತಾನೆ ಕಾಪಿ ಮಾಡುವುದು.

ದಿನವೂ ಟೈಪ್ ಮಾಡುವ ತುಣುಕುಗಳಿಗೆ ವಿಎಸ್ ಕೋಡ್ ಎಡಿಟರಿನ ಸ್ನಿಪೆಟ್ ಸೌಲಭ್ಯ ಬಳಸಿ. ಪ್ರಾಜೆಕ್ಟಿನ ‘.ವಿಎಸ್‌ಕೋಡ್’ ಫೋಲ್ಡರಿನಲ್ಲಿ ‘.ಕೋಡ್-ಸ್ನಿಪೆಟ್ಸ್’ ಅಂತ ಕೊನೆಯಾಗುವ ಒಂದು ಫೈಲು ಇಟ್ಟು ಗಿಟ್ಟಿಗೆ ಹಾಕಿದರೆ, ಪ್ರಾಜೆಕ್ಟ್ ತೆರೆದ ಎಲ್ಲರಿಗೂ ಅದು ಸಿಗುತ್ತದೆ. ಒಳಗೆ ಮೂರು ಅಂಶ: ಪ್ರಿಫಿಕ್ಸ್, ಅಂದರೆ ಏನು ಟೈಪ್ ಮಾಡಿದರೆ ಬರಬೇಕು, ಬಾಡಿ, ಅಂದರೆ ಕೋಡು, ಡಿಸ್ಕ್ರಿಪ್ಶನ್, ಅಂದರೆ ವಿವರ. ಬಾಡಿಯಲ್ಲಿ $1, $2 ಅಂತ ಹಾಕಿದ ಜಾಗಕ್ಕೆ ಟ್ಯಾಬ್ ಒತ್ತಿದಂತೆ ಕರ್ಸರ್ ಹೋಗುತ್ತದೆ, $0 ಕೊನೆಯ ನಿಲ್ದಾಣ. ಶೆಲ್ ತುಣುಕು ಹಾಕುವವರು ಎಡವುವುದು ಇಲ್ಲೇ. ಶೆಲ್ಲಿಗೂ $ ಬೇಕಲ್ಲ, ಎಡಿಟರ್ ಅದನ್ನು ತನ್ನದೆಂದು ನುಂಗಿಬಿಡುತ್ತದೆ. ಅಂಥ $ ಮುಂದೆ ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ, \\$ ಅಂತ. ಒಂದು ಬ್ಯಾಕ್‌ಸ್ಲ್ಯಾಶ್ ಜೇಸಾನ್‌ಗೆ (ಆ ಫೈಲು ಬರೆಯುವ ಶೈಲಿ), ಇನ್ನೊಂದು ಸ್ನಿಪೆಟ್ಟಿಗೆ.

ಎಲ್ಲರ ಮಷೀನಿಗೂ ಒಂದೇ ಅಲಿಯಾಸ್ ಪಟ್ಟಿ ಹಾಕುವ ಆಸೆ ಇದ್ದರೆ ನಿಧಾನ. ಅಲಿಯಾಸು ಕೈಯ ಅಭ್ಯಾಸ. ನಿಮ್ಮ ‘ಜಿಎಸ್’ ಗಿಟ್ ಸ್ಟೇಟಸ್ ಆಗಿರಬಹುದು, ಘೋಸ್ಟ್‌ಸ್ಕ್ರಿಪ್ಟ್ (ಪಿಡಿಎಫ್ ಕೆಲಸದ ಪ್ರೋಗ್ರಾಂ) ಬಳಸುವವರಿಗೆ ಅದೇ ಹೆಸರಿನ ಪ್ರೋಗ್ರಾಮೇ ಇದೆ.

6. ಸೆಟಪ್ ಟಿಪ್ಸ್: ಎರಡು ಸಲ ಹೊಡೆದರೂ ಕೆಡಬಾರದು

ತುಣುಕು ತಪ್ಪಾದರೆ ಆ ಕ್ಷಣಕ್ಕೆ ತೊಂದರೆ. ಸೆಟಪ್ ಟಿಪ್ ತಪ್ಪಾದರೆ ಮಷೀನಿನಲ್ಲಿ ಉಳಿದುಬಿಡುತ್ತದೆ, ಆರು ತಿಂಗಳ ಮೇಲೆ ತಲೆ ತಿನ್ನುತ್ತದೆ.

ಎಲ್ಲ ಕಡೆ ಕಾಣುವ ಒಂದು ಸಲಹೆ ನೋಡಿ: ‘ಈ ಸಾಲನ್ನು ನಿಮ್ಮ ಜೆಡ್‌ಎಸ್‌ಎಚ್‌ಆರ್‌ಸಿ ಫೈಲಿಗೆ ಸೇರಿಸಿ’. ಶೆಲ್ ಶುರುವಾಗುವಾಗ ಓದುವ ಸೆಟ್ಟಿಂಗ್ ಫೈಲು ಅದು. ಜೊತೆಗೆ ಎಕೋ ಅನ್ನುವ ಕಮಾಂಡು, ಆ ಸಾಲು, >> ಮತ್ತೆ ಫೈಲಿನ ಹೆಸರು. >> ಅಂದರೆ ಕೊನೆಗೆ ಸೇರಿಸು. ನಡೆಯಿತೋ ಇಲ್ಲವೋ ಅಂತ ಅನುಮಾನ ಬಂದು ಐದು ಸಲ ಹೊಡೆದರೆ ಐದು ಸಾಲು. ಅದಾದರೂ ಪರವಾಗಿಲ್ಲ. ಟೈಪ್ ಮಾಡುವಾಗ ಒಂದು > ಬಿಟ್ಟುಹೋದರೆ ಫೈಲು ಪೂರ್ತಿ ಅಳಿಸಿ ಆ ಒಂದೇ ಸಾಲು ಉಳಿಯುತ್ತದೆ, ವರ್ಷಗಟ್ಟಲೆ ಕೂಡಿಸಿಟ್ಟ ಸೆಟ್ಟಿಂಗೆಲ್ಲ ಹೊಗೆ. ಆದ್ದರಿಂದ ಬರೆಯುವಾಗ ಮೊದಲ ಸಾಲಿನಲ್ಲೇ ಆ ಫೈಲಿನ ಒಂದು ಕಾಪಿ ತೆಗೆಯಲು ಹೇಳಿ. ಆಮೇಲೆ ಗ್ರೆಪ್ ಹಾಕಿ ಆ ಸಾಲು ಈಗಾಗಲೇ ಇದೆಯಾ ನೋಡಿ, ಇಲ್ಲದಿದ್ದರೆ ಮಾತ್ರ ಸೇರಿಸುವಂತೆ ಬರೆಯಿರಿ.

ಮಷೀನು ಬದಲಾದರೆ ಮುರಿಯುವ ಜಾಗಗಳು ಇವು. ಮ್ಯಾಕಿನಲ್ಲಿ 2019ರ ಕ್ಯಾಟಲೀನಾದಿಂದ ಹೊಸ ಖಾತೆಗಳಿಗೆ ಜೆಡ್‌ಎಸ್‌ಎಚ್ ಶೆಲ್ಲೇ ಬರುತ್ತದೆ, ಲಿನಕ್ಸಿನಲ್ಲಿ ಹೆಚ್ಚಾಗಿ ಬ್ಯಾಷ್. ಹಾಗಾಗಿ ಬ್ಯಾಷಿನ ಸೆಟ್ಟಿಂಗ್ ಫೈಲಾದ ಬ್ಯಾಷ್‌ಆರ್‌ಸಿಯಲ್ಲಿ ಬರೆದದ್ದನ್ನು ಮ್ಯಾಕ್ ನೋಡುವುದೇ ಇಲ್ಲ. ಮ್ಯಾಕಿಗೆ ಪ್ರೋಗ್ರಾಂಗಳನ್ನು ಇನ್‌ಸ್ಟಾಲ್ ಮಾಡಿಕೊಡುವ ಹೋಮ್‌ಬ್ರೂ ಹಳೆಯ ಇಂಟೆಲ್ ಮ್ಯಾಕಿನಲ್ಲಿ ಒಂದು ಜಾಗದಲ್ಲಿ ಕೂರುತ್ತದೆ, ಆಪಲ್‌ನ ಸ್ವಂತ ಚಿಪ್ ಇರುವ ಮ್ಯಾಕಿನಲ್ಲಿ ಇನ್ನೊಂದು ಜಾಗದಲ್ಲಿ. ಪೂರ್ತಿ ಪಾತ್ (ಫೈಲು ಇರುವ ವಿಳಾಸ) ಬರೆದು ಕಳಿಸಿದರೆ ಅರ್ಧ ಜನಕ್ಕೆ ಸಿಗುವುದಿಲ್ಲ. ಫೈಲಿನೊಳಗೆ ಪದ ಬದಲಿಸುವ ಸೆಡ್ -ಐ ಲಿನಕ್ಸಿನಲ್ಲಿ ಹಾಗೇ ನಡೆಯುತ್ತದೆ, ಮ್ಯಾಕಿನಲ್ಲಿ -ಐ ನಂತರ ಖಾಲಿ ಉದ್ಧರಣ ಚಿಹ್ನೆ '' ಕೊಡಲೇಬೇಕು.

ವಿಂಡೋಸಿನದು ಬೇರೆ ಗೋಳು. ಅಲ್ಲಿ ಪ್ರತಿ ಸಾಲಿನ ಕೊನೆಗೆ ಕಣ್ಣಿಗೆ ಕಾಣದ ಎರಡು ಅಕ್ಷರ, ಲಿನಕ್ಸಿನಲ್ಲಿ ಒಂದೇ. ವಿಂಡೋಸಿನಲ್ಲಿ ಸೇವ್ ಆದ ಶೆಲ್ ಸ್ಕ್ರಿಪ್ಟನ್ನು ಲಿನಕ್ಸಿನಲ್ಲಿ ಹೊಡೆದರೆ ‘ಬ್ಯಾಡ್ ಇಂಟರ್‌ಪ್ರೆಟರ್’ ಅಂದು ಕೊನೆಯಲ್ಲಿ ^ಎಂ ಅಂತ ತೋರಿಸುತ್ತದೆ. ಆ ^ಎಂ ಕಂಡರೆ ಬೇರೇನೂ ಹುಡುಕಬೇಡಿ, ಅದೇ ಕಳ್ಳ. ರೆಪೊದಲ್ಲಿ ‘.ಗಿಟ್‌ಆಟ್ರಿಬ್ಯೂಟ್ಸ್’ ಫೈಲು ಮಾಡಿ ‘*.ಎಸ್‌ಎಚ್ ಟೆಕ್ಸ್ಟ್ ಇಒಎಲ್=ಎಲ್‌ಎಫ್’ ಅನ್ನುವ ಒಂದು ಸಾಲು ಹಾಕಿದರೆ ಗಿಟ್ಟೇ ನೋಡಿಕೊಳ್ಳುತ್ತದೆ. ಪೈಥಾನಿನಲ್ಲಿ ಕನ್ನಡ ಇರುವ ಫೈಲು ತೆರೆಯುವಾಗ ಎನ್‌ಕೋಡಿಂಗ್ ಯುಟಿಎಫ್-8 ಅಂತ ಬಾಯಿ ಬಿಟ್ಟು ಹೇಳಿ, ಇಲ್ಲದಿದ್ದರೆ ಎಷ್ಟೋ ವಿಂಡೋಸ್ ಮಷೀನುಗಳಲ್ಲಿ ಒಡೆಯುತ್ತದೆ.

ಅಂಕಿಗಳದ್ದೂ ಒಂದು ತಮಾಷೆ ಇದೆ. ಪೈಥಾನಿಗೆ ‘೧೨’ ಅನ್ನುವ ಕನ್ನಡ ಅಂಕಿ ಕೊಟ್ಟು ಇಂಟ್ (ಪೂರ್ಣಾಂಕ) ಮಾಡಿದರೆ 12 ಬರುತ್ತದೆ. ಜಾವಾಸ್ಕ್ರಿಪ್ಟಿನಲ್ಲಿ ಅದೇ ‘೧೨’ ನಂಬರೇ ಅಲ್ಲ. ಫಾರಂ ಪರೀಕ್ಷಿಸುವ ತುಣುಕನ್ನು ಒಂದು ಭಾಷೆಯಿಂದ ಇನ್ನೊಂದಕ್ಕೆ ಕೊಡುವಾಗ ಇದು ನೆನಪಿರಲಿ.

7. ಬೇರೆಯವರದ್ದು ತೆಗೆದುಕೊಳ್ಳುವಾಗ

ವೆಬ್ ಪೇಜಿನಲ್ಲಿ ಕಂಡದ್ದೇ ಕಾಪಿ ಆಗುತ್ತದೆ ಅಂತ ಇಲ್ಲ. ಕಾಣದಂತೆ ಅಡಗಿಸಿಟ್ಟ ಇನ್ನೊಂದು ಸಾಲೂ ಕ್ಲಿಪ್‌ಬೋರ್ಡಿಗೆ ಬರಬಹುದು. ಬ್ಯಾಷ್ 5.1ರಿಂದ, ಅಂದರೆ 2020ರ ಕೊನೆಯಿಂದ, ಪೇಸ್ಟ್ ಮಾಡಿದ್ದು ನೀವು ಎಂಟರ್ ಒತ್ತುವವರೆಗೆ ಸಾಮಾನ್ಯವಾಗಿ ಕಾಯುತ್ತದೆ. ಹಳೆಯ ಸರ್ವರುಗಳಲ್ಲಿ ಹಾಗಿಲ್ಲ, ಪೇಸ್ಟ್ ಮಾಡಿದ ತಕ್ಷಣ ಸಾಲು ಸಾಲಾಗಿ ನಡೆದುಹೋಗುತ್ತದೆ. ಮೊದಲು ಎಡಿಟರಿಗೆ ಪೇಸ್ಟ್ ಮಾಡಿ, ಓದಿ, ಆಮೇಲೆ ಟರ್ಮಿನಲ್ಲಿಗೆ. ಕರ್ಲ್ (ಇಂಟರ್ನೆಟ್ಟಿನಿಂದ ಇಳಿಸುವ ಕಮಾಂಡು) ಹಾಕಿ ನೇರವಾಗಿ ಬ್ಯಾಷಿಗೆ ಸುರಿಯುವ ಇನ್‌ಸ್ಟಾಲ್ ಸಾಲುಗಳನ್ನೂ ಹಾಗೇ ಹೊಡೆಯಬೇಡಿ. ಫೈಲಿಗೆ ಇಳಿಸಿ, ತೆರೆದು ನೋಡಿ, ಆಮೇಲೆ ರನ್ ಮಾಡಿ. ಪೂರ್ತಿ ಅರ್ಥವಾಗದಿದ್ದರೂ ಎಲ್ಲೆಲ್ಲಿ ಸುಡೋ (ಅಡ್ಮಿನ್ ಅಧಿಕಾರದಲ್ಲಿ ನಡೆಸುವ ಕಮಾಂಡು) ಇದೆ, ಏನನ್ನು ಅಳಿಸುತ್ತಿದೆ ಅನ್ನುವುದಂತೂ ಕಾಣುತ್ತದೆ.

ಎಐ ಬರೆದುಕೊಟ್ಟ ತುಣುಕಿಗೂ ಇದೇ ಲೆಕ್ಕ, ಜೊತೆಗೆ ಒಂದು ಹೆಚ್ಚಿನ ಕೆಲಸ: ಅದು ಹೇಳಿದ ಪ್ಯಾಕೇಜ್ (ಇನ್‌ಸ್ಟಾಲ್ ಮಾಡಿಕೊಳ್ಳುವ ಸಿದ್ಧ ಕೋಡಿನ ಗಂಟು) ನಿಜವಾಗಿ ಇದೆಯಾ ಅಂತ ನೋಡಿ. ಇಲ್ಲದ ಹೆಸರು ಹೇಳುವುದುಂಟು, ಆ ಹೆಸರಿನಲ್ಲಿ ಕೆಟ್ಟದ್ದನ್ನು ಯಾರಾದರೂ ಹಾಕಿಟ್ಟಿದ್ದರೆ ನೇರ ನಿಮ್ಮ ಮಷೀನಿಗೆ ಬರುತ್ತದೆ.

ಲೈಸೆನ್ಸ್ ವಿಷಯ ಚಿಕ್ಕದಾಗಿ. ಪ್ರೋಗ್ರಾಮರುಗಳ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋದಲ್ಲಿ ಜನ ಬರೆದದ್ದು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿದೆ, ಬರೆದವರ ಹೆಸರು ಹೇಳಬೇಕು, ತಿದ್ದಿ ಹಂಚಿದರೆ ಅದೇ ಪರವಾನಗಿಯಲ್ಲಿ ಹಂಚಬೇಕು. ಕಾಮೆಂಟಿನಲ್ಲಿ ಆ ಉತ್ತರದ ಲಿಂಕ್ ಇಡಿ, ಆರು ತಿಂಗಳ ನಂತರ ನಿಮಗೇ ಬೇಕಾಗುತ್ತದೆ. ಲೈಸೆನ್ಸ್ ಫೈಲೇ ಇಲ್ಲದ ರೆಪೊ ಅಂದರೆ ಬೇಕಾದ ಹಾಗೆ ಬಳಸಬಹುದು ಅಂತಲ್ಲ, ಉಲ್ಟಾ, ಎಲ್ಲ ಹಕ್ಕೂ ಬರೆದವರದ್ದೇ.

8. ಹಳೆಯದನ್ನು ಬಿಸಾಕಿ

ತಲೆಬರಹಕ್ಕೆ ಆರನೆಯ ಸಾಲು ಸೇರಿಸಿ: ಕೊನೆಗೆ ಯಾವಾಗ, ಯಾವ ವರ್ಷನ್ನಿನಲ್ಲಿ ಹೊಡೆದು ನೋಡಿದ್ದು. ಪೈಥಾನ್ 2ಕ್ಕೆ 2020ರ ಜನವರಿ 1ರಂದೇ ತಿಲಾಂಜಲಿ ಆಯಿತು, ಆದರೂ ಪ್ರಿಂಟಿಗೆ ಆವರಣ ಇಲ್ಲದ ತುಣುಕುಗಳು ಇನ್ನೂ ಓಡಾಡುತ್ತಿವೆ. ಮೂರು ತಿಂಗಳಿಗೊಮ್ಮೆ ಅರ್ಧ ಗಂಟೆ ಕೂತು ನಡೆಯದ್ದನ್ನು ಅಳಿಸಿ. ಅಳಿಸಲು ಸಂಕೋಚ ಬೇಡ, ಗಿಟ್ಟಿಗೆ ಮರೆವಿಲ್ಲ ಅಂದೆನಲ್ಲ, ಇಲ್ಲಿ ಅದೇ ಅನುಕೂಲ. ಹೊಸದಾಗಿ ಯಾರಾದರೂ ಸೇರಿದಾಗ ಸೆಟಪ್ ಟಿಪ್ಸನ್ನು ಅವರಿಂದಲೇ ಮೊದಲಿನಿಂದ ಹೊಡೆಸಿ, ಎಲ್ಲಿ ನಿಂತರೋ ಅಲ್ಲಿ ಅವರೇ ತಿದ್ದಲಿ. ಅವರಷ್ಟು ಒಳ್ಳೆಯ ಪರೀಕ್ಷಕರು ನಿಮಗೆ ಸಿಗುವುದಿಲ್ಲ, ಅದೂ ಮೊದಲ ವಾರ ಮಾತ್ರ.

ಪದೇ ಪದೇ ಬರುವ ಇನ್ನೊಂದು ಪ್ರಶ್ನೆ

‘ಕೆಲಸ ಬಿಡುವಾಗ ನಾನು ಬರೆದ ತುಣುಕುಗಳನ್ನು ತೆಗೆದುಕೊಂಡು ಹೋಗಬಹುದಾ?’ ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ, ಕೆಲಸದ ಭಾಗವಾಗಿ ಬರೆದದ್ದರ ಮೊದಲ ಒಡೆತನ ಕೆಲಸ ಕೊಟ್ಟವರದ್ದು. ಕಾಪಿ ಹೊಡೆದು ಪೆನ್‌ಡ್ರೈವಿಗೆ ಹಾಕಬೇಡಿ. ಪೋರ್ಟ್ ಬಿಡಿಸುವಂಥ ಸಾಮಾನ್ಯ ಉಪಾಯಗಳನ್ನು ಮನೆಯಲ್ಲಿ, ನಿಮ್ಮ ಮಷೀನಿನಲ್ಲಿ, ನಿಮ್ಮ ಖಾತೆಯಲ್ಲಿ ಹೊಸದಾಗಿ ಬರೆದಿಟ್ಟುಕೊಳ್ಳಿ. ಆಫರ್ ಲೆಟರಿನ ಹಿಂದಿನ ಪುಟಗಳಲ್ಲಿ ಇದಕ್ಕೂ ಒಂದು ಷರತ್ತು ಇರುವುದುಂಟು, ಸಹಿ ಹಾಕುವ ದಿನವೇ ಓದಿ. ಅನುಮಾನ ಇದ್ದರೆ ಎಚ್‌ಆರ್‌ಗೆ ಮೇಲ್ ಹಾಕಿ, ಬಾಯಿಮಾತಿನಲ್ಲಿ ಕೇಳಬೇಡಿ.